ಆ ದಿನಗಳ ಸಿಟ್ಟು ಇನ್ನೂ ಇಳಿದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊರೊನಾ ಕಾಲದಲ್ಲಿ ನಿಮಗೆ ತುಂಬಾ ಸಿಟ್ಟು ತರಿಸಿದ್ದು ಯಾವುದು, ಇವತ್ತಿಗೂ ಉತ್ತರ ಸಿಗದೆ ಉಳಿದಿರುವ ಪ್ರಶ್ನೆ ಯಾವುದು ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2023ರ ಮೇ 5ರಂದು. ಈ ಪತ್ರಗಳನ್ನು ಓದಿದರೆ ಎಷ್ಟೋ ಮನೆಗಳಲ್ಲಿ ಅದು ಮುಗಿದೇ ಇಲ್ಲ. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಹಲವರು ಹಾಕಬೇಡಿ ಅಂತಲೇ ಬರೆದಿದ್ದರು.

ಪ್ರಶ್ನೆ: ಮೇಡಂ, ಮೊದಲು ಮಾಸ್ಕ್ ಬೇಡ ಅಂದರು. ಕೆಲವೇ ತಿಂಗಳಲ್ಲಿ ಮಾಸ್ಕ್ ಇಲ್ಲದೆ ಹೊರಗೆ ಬಂದರೆ ದಂಡ ಅಂದರು. ಯಾವುದನ್ನು ನಂಬಬೇಕಿತ್ತು? ನನಗಂತೂ ಅವತ್ತಿನಿಂದ ಯಾರ ಮಾತಿನ ಮೇಲೂ ನಂಬಿಕೆ ಇಲ್ಲ.

ಉತ್ತರ: ನಿಮ್ಮ ಸಿಟ್ಟಿನಲ್ಲಿ ತಪ್ಪಿಲ್ಲ. ಆದರೆ ನಡೆದದ್ದೇನು ಅಂತ ಸ್ವಲ್ಪ ಬಿಡಿಸಿ ನೋಡೋಣ. 2020ರ ಮೊದಲ ತಿಂಗಳುಗಳಲ್ಲಿ ಕಾಯಿಲೆ ಇಲ್ಲದವರು ಮಾಸ್ಕ್ ಹಾಕಬೇಕಾಗಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿತ್ತು. ಆಗ ಎಲ್ಲ ಕಡೆ ಮಾಸ್ಕ್‌ಗೆ ಬರ. ಡಾಕ್ಟರ್‌ಗಳಿಗೆ, ನರ್ಸ್‌ಗಳಿಗೇ ಸಾಕಾಗುತ್ತಿರಲಿಲ್ಲ. ಜ್ವರ, ಕೆಮ್ಮು ಶುರುವಾಗುವುದಕ್ಕೆ ಮುಂಚೆಯೇ ಒಬ್ಬರಿಂದ ಒಬ್ಬರಿಗೆ ಎಷ್ಟು ಹರಡುತ್ತದೆ ಅನ್ನುವುದೂ ಗಟ್ಟಿಯಾಗಿ ಗೊತ್ತಿರಲಿಲ್ಲ. ಅದು ಗೊತ್ತಾಗುತ್ತಾ ಹೋದ ಮೇಲೆ, ಜೂನ್ 5ರಂದು, ಅಂತರ ಕಾಯಲು ಆಗದ ಕಡೆ ಜನರೆಲ್ಲ ಬಟ್ಟೆ ಮಾಸ್ಕ್ ಹಾಕಲಿ ಎಂದು ಅದೇ ಸಂಸ್ಥೆ ಸಲಹೆ ಬದಲಿಸಿತು.

ಹೊಸ ವಿಷಯ ಗೊತ್ತಾದಾಗ ಮಾತು ಬದಲಿಸುವುದು ಸುಳ್ಳಲ್ಲ. ನನಗೆ ಇವತ್ತಿಗೂ ಬೇಸರ ಇರುವುದು ಬೇರೆ ಕಡೆ. "ಮಾಸ್ಕ್ ಸಾಕಷ್ಟಿಲ್ಲ" ಅನ್ನುವುದೂ "ಮಾಸ್ಕ್‌ನಿಂದ ಉಪಯೋಗ ಇಲ್ಲ" ಅನ್ನುವುದೂ ಒಂದೇ ಅನ್ನುವ ಹಾಗೆ ಎಷ್ಟೋ ಕಡೆ ಮಾತಾಡಿಬಿಟ್ಟರು. ಮಾಸ್ಕ್ ಕಡಿಮೆ ಇದೆ, ಆಸ್ಪತ್ರೆಯವರಿಗೆ ಮೊದಲು ಬಿಡಿ, ನೀವು ಸದ್ಯಕ್ಕೆ ಮೂಗು ಬಾಯಿಗೆ ಒಂದು ಬಟ್ಟೆ ಕಟ್ಟಿಕೊಳ್ಳಿ, ಇವತ್ತಿಗೆ ನಮಗೆ ಗೊತ್ತಿರುವುದು ಇಷ್ಟೇ, ನಾಳೆ ಬದಲಾದರೆ ಮತ್ತೆ ಹೇಳುತ್ತೇವೆ ಅಂತ ನೇರವಾಗಿ ಹೇಳಿದ್ದರೆ ಜನ ಕೇಳುತ್ತಿರಲಿಲ್ವಾ? ಕೇಳುತ್ತಿದ್ದರು. ನೀವೂ ಕೇಳುತ್ತಿದ್ದಿರಿ.

ಪ್ರಶ್ನೆ: ಕನ್ನಡಕ ಹಾಕುವವರ ಕಷ್ಟ ಯಾರೂ ಬರೆಯಲಿಲ್ಲ. ಮಾಸ್ಕ್ ಹಾಕಿದ ತಕ್ಷಣ ಕಣ್ಣ ಮುಂದೆ ಮಂಜು. ಮೆಟ್ಟಿಲು ಕಾಣದೆ ಎರಡು ಸಲ ಎಡವಿದ್ದೇನೆ. ಈಗಲೂ ಆಸ್ಪತ್ರೆಗೆ ಹೋದರೆ ಮಾಸ್ಕ್ ಹಾಕುತ್ತೇನೆ, ಅದೇ ಕಥೆ.

ಉತ್ತರ: ಬಿಸಿ ಉಸಿರು ಮಾಸ್ಕ್‌ನ ಮೇಲಂಚಿನಿಂದ ತಪ್ಪಿಸಿಕೊಂಡು ತಣ್ಣಗಿರುವ ಗಾಜಿಗೆ ತಾಕಿದಾಗ ಹಾಗಾಗುತ್ತದೆ. ಅಂದರೆ ಮೂಗಿನ ಹತ್ತಿರ ಸಂದು ಇದೆ ಅಂತ ಅರ್ಥ. ಮೂಗಿನ ಮೇಲೆ ತಂತಿ ಇರುವ ಮಾಸ್ಕ್ ತೆಗೆದುಕೊಳ್ಳಿ. ತಂತಿಯನ್ನು ಎರಡೂ ಕೈಯ ಬೆರಳಿಂದ ಮೂಗಿನ ಆಕಾರಕ್ಕೆ ಒತ್ತಿ, ಕನ್ನಡಕವನ್ನು ಮಾಸ್ಕ್‌ನ ಅಂಚಿನ ಮೇಲೆ ಕೂರಿಸಿ. ಮಂಜು ಕಡಿಮೆಯಾಯಿತು ಅಂದರೆ ಮಾಸ್ಕ್ ಸರಿಯಾಗಿ ಕೂತಿದೆ ಅಂತಲೂ ಗೊತ್ತಾಗುತ್ತದೆ.

ಪ್ರಶ್ನೆ: ಮನೆಗೆ ಬಂದ ಪ್ರತಿಯೊಂದು ವಸ್ತು ತೊಳೆದೆವು. ನೋಟು ಒರೆಸಿದೆವು, ಚಿಲ್ಲರೆ ಸೋಪಿನ ನೀರಿಗೆ ಹಾಕಿದೆವು. ನನ್ನ ಅಂಗೈ ಚರ್ಮ ಬಿರಿದು ರಕ್ತ ಬರುತ್ತಿತ್ತು. ಈಗ ನೋಡಿದರೆ ಅದೆಲ್ಲ ಅಷ್ಟೊಂದು ಬೇಕಿರಲಿಲ್ಲ ಅನ್ನುತ್ತಾರೆ. ಸುಮ್ನೆ ನಮ್ಮನ್ನು ಹೆದರಿಸಿದರಾ?

ಉತ್ತರ: ನಮ್ಮ ಮನೆಯಲ್ಲೂ ಇದೇ ನಡೆಯಿತು. ಬೆಳಿಗ್ಗೆ ಬಂದ ಪತ್ರಿಕೆಯನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದೆವು. ಬಿಸಿಲು ಬಿದ್ದ ಮೇಲೆ ತೆಗೆದು ಓದುವುದು. ಕಾಗದ ಗರಿಗರಿಯಾಗಿ, ಪುಟ ತಿರುಗಿಸಿದರೆ ಸದ್ದಾಗುತ್ತಿತ್ತು. ಸಂಜೆ ಅಮ್ಮ ಬೀಗದ ಕೈಗೊಂಚಲಿನ ಒಂದೊಂದು ಕೀಲಿಯನ್ನೂ ಬಿಡಿಬಿಡಿಯಾಗಿ ಒರೆಸುತ್ತಿದ್ದರು.

ಆ ಹೆದರಿಕೆ ಎಲ್ಲಿಂದ ಬಂತು ಅಂದರೆ, ಈ ವೈರಸ್ ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲೆ 72 ಗಂಟೆವರೆಗೆ, ರಟ್ಟಿನ ಮೇಲೆ 24 ಗಂಟೆವರೆಗೆ ಉಳಿಯಬಹುದು ಅಂತ 2020ರ ಮಾರ್ಚ್‌ನಲ್ಲಿ ಒಂದು ಪ್ರಯೋಗದ ವರದಿ ಬಂತು. ಅದು ಸುಳ್ಳಲ್ಲ. ಆದರೆ ಪ್ರಯೋಗಾಲಯದಲ್ಲಿ ವೈರಸ್ ಉಳಿಯುವುದು ಬೇರೆ, ಅದು ನಿಮ್ಮ ಕೈಗೆ ಅಂಟಿ, ಮೂಗಿಗೆ ಹೋಗಿ, ಕಾಯಿಲೆ ತರುವಷ್ಟು ಇರುವುದು ಬೇರೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಹೇಳಿದ್ದೇನೆಂದರೆ, ವೈರಸ್ ಇರುವ ಜಾಗವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ.

ಜಾಸ್ತಿ ಅಪಾಯ ಇದ್ದಿದ್ದು ಗಾಳಿಯಲ್ಲಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಒಂದೇ ಗಾಳಿಯನ್ನು ಹತ್ತು ಜನ ಉಸಿರಾಡುವ ಕಡೆ. ಇಲ್ಲಿ ನನಗೂ ನಿಮ್ಮಷ್ಟೇ ಸಿಟ್ಟಿದೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಇದು ಗಾಳಿಯಿಂದ ಹರಡುವ ರೋಗ ಅಲ್ಲ ಎಂದು ಖಡಾಖಂಡಿತವಾಗಿ ಬರೆದಿತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ, ಗಾಳಿಯ ವಿಷಯ ಗಮನಿಸಿ ಎಂದು ಬಹಿರಂಗ ಪತ್ರವನ್ನೇ ಬರೆಯಬೇಕಾಯಿತು. ಆ ಮಾತು ಎಲ್ಲರ ಕಿವಿಗೆ ಬೀಳುವ ಹೊತ್ತಿಗೆ ತಿಂಗಳುಗಳೇ ಕಳೆದವು. ಅಷ್ಟು ದಿನ ನಾವು ಕಿಟಕಿ ಮುಚ್ಚಿಕೊಂಡು ಒಳಗೆ ಕೂತು ಬಾಗಿಲ ಹಿಡಿ ಒರೆಸುತ್ತಿದ್ದೆವು.

ನಿಮ್ಮ ಕೈ ತೊಳೆತ ಮಾತ್ರ ದಂಡವಾಗಲಿಲ್ಲ. ಸೋಪು ಈ ವೈರಸ್ಸಿನ ಸುತ್ತ ಇರುವ ಕೊಬ್ಬಿನ ಪದರವನ್ನು ಒಡೆಯುತ್ತದೆ, ಭೇದಿಯಂಥ ಬೇರೆ ಕಾಯಿಲೆಗಳನ್ನೂ ಕೈ ತೊಳೆದೇ ತಡೆಯುವುದು. ಚರ್ಮ ಬಿರಿಯುವಷ್ಟು ಬೇಡ ಅಷ್ಟೆ.

ಪ್ರಶ್ನೆ: ಒಬ್ಬರು ಒಂದು ಮೀಟರ್ ಅನ್ನುತ್ತಿದ್ದರು, ಇನ್ನೊಬ್ಬರು ಆರು ಅಡಿ. ವೈರಸ್ಸಿಗೆ ಊರೂರಿಗೆ ಬೇರೆ ಅಳತೆ ಇತ್ತಾ?

ಉತ್ತರ: ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 1 ಮೀಟರ್ ಅಂದಿತು, ಅಮೆರಿಕ 6 ಅಡಿ ಅಂದಿತು, ಜರ್ಮನಿ, ಆಸ್ಟ್ರೇಲಿಯಾದಂಥ ದೇಶಗಳು 1.5 ಮೀಟರ್ ಅಂದವು. ಕೆಮ್ಮಿದಾಗ ಹಾರುವ ದೊಡ್ಡ ಹನಿಗಳು ಹತ್ತಿರದಲ್ಲೇ ನೆಲಕ್ಕೆ ಬೀಳುತ್ತವೆ ಅನ್ನುವುದು ಈ ಅಳತೆಗಳ ಹಿಂದಿನ ಲೆಕ್ಕ. ದೂರ ಹೋದಷ್ಟೂ ಅಪಾಯ ಕಡಿಮೆಯಾಗುತ್ತಾ ಹೋಗುತ್ತದೆ, ಒಂದು ಗೆರೆ ದಾಟಿದ ತಕ್ಷಣ ಪೂರ್ತಿ ಹೋಗಿಬಿಡುವುದಿಲ್ಲ. ನೆಲದ ಮೇಲೆ ಬಳಿದ ವೃತ್ತ ಆ ಮಾತನ್ನು ಹೇಳಲಿಲ್ಲ.

ಪ್ರಶ್ನೆ: ನಮ್ಮ ಅಪ್ಪ ಆಸ್ಪತ್ರೆಗೆ ನಡೆದುಕೊಂಡೇ ಹೋದರು. ಒಂಬತ್ತನೇ ದಿನ ತೀರಿಕೊಂಡರು. ಮಧ್ಯೆ ಒಂದೇ ಒಂದು ಸಲ ವಿಡಿಯೋ ಕಾಲ್. ಫೋನ್ ಅಲುಗಾಡುತ್ತಿತ್ತು, ಜಾಸ್ತಿ ಹೊತ್ತು ನಮಗೆ ಕಂಡಿದ್ದು ಮೇಲಿನ ಫ್ಯಾನು ಮತ್ತು ಅವರ ಅರ್ಧ ಹಣೆ. ಸತ್ತ ಮೇಲೂ ಮುಖ ತೋರಿಸಲಿಲ್ಲ, ಸೋಂಕು ಹರಡುತ್ತದೆ, ನಿಯಮ ಇಲ್ಲ ಅಂದರು. ಒಂದೇ ಪ್ರಶ್ನೆ, ನೇರವಾಗಿ ಉತ್ತರಿಸಿ. ನಾವು ಐದು ನಿಮಿಷ ದೂರದಿಂದ ಮುಖ ನೋಡಿದ್ದರೆ ನಿಜವಾಗಿ ಅಪಾಯ ಆಗುತ್ತಿತ್ತಾ?

ಉತ್ತರ: ಈ ಪತ್ರವನ್ನು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ನೇರ ಉತ್ತರ ಕೇಳಿದ್ದೀರಿ, ಕೊಡುತ್ತೇನೆ. ಇಲ್ಲ. ಮುನ್ನೆಚ್ಚರಿಕೆ ಪಾಲಿಸಿಕೊಂಡು ದೂರದಿಂದ ನೋಡಬಹುದಿತ್ತು.

ಇದು ಈಗ ಗೊತ್ತಾದ ಸಂಗತಿಯೂ ಅಲ್ಲ. 2020ರ ಮಾರ್ಚ್ 24ರಂದೇ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನಿಂದ ತೀರಿಕೊಂಡವರ ದೇಹದ ಬಗ್ಗೆ ಸಲಹೆ ಕೊಟ್ಟಿತ್ತು. ದೇಹದಿಂದ ಯಾರಿಗಾದರೂ ಸೋಂಕು ತಗಲಿದ್ದಕ್ಕೆ ಅಲ್ಲಿಯವರೆಗೆ ಪುರಾವೆ ಇಲ್ಲ, ಮನೆಯವರು ಮುಖ ನೋಡಬಹುದು, ಮುಟ್ಟುವುದು ಮುತ್ತಿಡುವುದು ಬೇಡ, ಅವಸರ ಅವಸರವಾಗಿ ವಿಲೇವಾರಿ ಮಾಡಬೇಡಿ, ಸತ್ತವರ ಗೌರವ ಕಾಪಾಡಿ ಎಂದೆಲ್ಲ ಅದರಲ್ಲೇ ಇತ್ತು. ಆದರೂ ಜಗತ್ತಿನ ಎಷ್ಟೋ ಕಡೆ ಅದಕ್ಕಿಂತ ಬಿಗಿ ನಿಯಮ ಮಾಡಿದರು. ಕೆಲವು ಕಡೆ ಭಯಕ್ಕೆ, ಕೆಲವು ಕಡೆ ಆ ಐದು ನಿಮಿಷಕ್ಕೆ ಬೇಕಾದ ಜನ, ರಕ್ಷಣೆಯ ಉಡುಪು, ಜಾಗ ಇಲ್ಲದ್ದಕ್ಕೆ. ಕಾರಣ ಏನೇ ಇರಲಿ, ನಿಮ್ಮಿಂದ ಕಸಿದುಕೊಂಡಿದ್ದನ್ನು ಕಸಿದುಕೊಳ್ಳಲೇಬೇಕಾಗಿರಲಿಲ್ಲ.

ಇದನ್ನು ಓದಿ ನಿಮ್ಮ ನೋವು ಹೆಚ್ಚಾಗುತ್ತದೇನೋ ಅಂತ ಹೆದರಿಕೆಯಿಂದಲೇ ಬರೆಯುತ್ತಿದ್ದೇನೆ. ಆದರೆ ಪತ್ರದ ಕೊನೆಯಲ್ಲಿ ನೀವು ಇನ್ನೊಂದು ಸಾಲು ಬರೆದಿದ್ದೀರಿ, ನಾನು ಇನ್ನೂ ಜೋರಾಗಿ ಜಗಳ ಮಾಡಬೇಕಿತ್ತು ಅಂತ. ಅದಕ್ಕಾಗಿಯೇ ನಿಜ ಹೇಳಬೇಕಾಯಿತು. ನೀವು ಕೇಳಿದ್ದು ನ್ಯಾಯವಾದದ್ದನ್ನೇ. ಮನೆಯವರಿಗೆ ಏನೂ ಆಗಬಾರದು ಅಂತ ಅವತ್ತು ಹೇಳಿದ ಮಾತು ಕೇಳಿ ಹಿಂದೆ ಸರಿದಿರಿ. ತಪ್ಪು ನಿಮ್ಮ ಕಡೆ ಇಲ್ಲ. ಒಂಬತ್ತು ದಿನ ನೀವು ಅಪ್ಪನನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಆಸ್ಪತ್ರೆಯ ಗೇಟಿನ ಎದುರಿನ ಕಟ್ಟೆಯ ಮೇಲೆಯೇ ಇದ್ದಿರಿ ಅಂತ ನೀವೇ ಬರೆದಿದ್ದೀರಿ.

ಪ್ರಶ್ನೆ: ಅಮ್ಮನಿಗೆ ಬಂದಿದ್ದು ಹೃದಯಾಘಾತ. ಎಲ್ಲಿಯೂ ಬೆಡ್ ಸಿಗಲಿಲ್ಲ. ಕೋವಿಡ್ ಅಲ್ಲ, ಹಾಗಾಗಿ ಕೋವಿಡ್ ಲೆಕ್ಕದಲ್ಲಿ ಇಲ್ಲ. ಅವರ ಸಾವು ಯಾವ ಲೆಕ್ಕಕ್ಕೂ ಇಲ್ಲವೇ?

ಉತ್ತರ: ಇದೆ. 2022ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. 2020 ಮತ್ತು 2021, ಈ ಎರಡು ವರ್ಷಗಳಲ್ಲಿ ಮಾಮೂಲಿಗಿಂತ ಜಾಸ್ತಿ ಸತ್ತವರು ಸುಮಾರು 1 ಕೋಟಿ 49 ಲಕ್ಷ ಜನ. ದೇಶಗಳು ಕೋವಿಡ್ ಸಾವು ಎಂದು ತೋರಿಸಿದ್ದು ಸುಮಾರು 54 ಲಕ್ಷ. ಮಧ್ಯದ ಅಂತರದಲ್ಲಿ ಪರೀಕ್ಷೆಯೇ ಆಗದೆ ಕೋವಿಡ್‌ನಿಂದ ಹೋದವರಿದ್ದಾರೆ, ಆಸ್ಪತ್ರೆಗಳು ತುಂಬಿ ಬೇರೆ ಕಾಯಿಲೆಗೆ ಚಿಕಿತ್ಸೆ ಸಿಗದೆ ಹೋದವರೂ ಇದ್ದಾರೆ. ನಿಮ್ಮ ಅಮ್ಮನಂಥವರನ್ನು ಎಣಿಸುವುದಕ್ಕೇ ಆ ಲೆಕ್ಕ ಮಾಡಿದ್ದು.

ಪ್ರಶ್ನೆ: ಲಸಿಕೆ ಮಾಡಲು ಹತ್ತು ವರ್ಷ ಬೇಕು ಅನ್ನುತ್ತಾರೆ, ಇದು ಒಂದೇ ವರ್ಷದಲ್ಲಿ ಹೇಗೆ ಬಂತು? ಎರಡು ಡೋಸ್ ಹಾಕಿಸಿಕೊಂಡರೂ ನನಗೆ ಕೋವಿಡ್ ಬಂತು. ಹಾಗಾದರೆ ಹಾಕಿಸಿಕೊಂಡು ಏನು ಪ್ರಯೋಜನ?

ಉತ್ತರ: ಒಂದು ವರ್ಷದ್ದಲ್ಲ ಆ ಕೆಲಸ. ಸಾರ್ಸ್ ಮತ್ತು 2012ರಲ್ಲಿ ಕಂಡ ಮೆರ್ಸ್, ಎರಡೂ ಇದೇ ಕೊರೊನಾ ಕುಟುಂಬದ ವೈರಸ್ಸುಗಳಿಂದ ಬಂದ ರೋಗ, ಅವುಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆದಿತ್ತು. ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಎಂಬ ವಿಜ್ಞಾನಿಗಳು ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಅಣು, ಕೆಲವು ಕೋವಿಡ್ ಲಸಿಕೆಗಳು ಇದರಿಂದಲೇ ಆದವು) ಬಗ್ಗೆ ತಮ್ಮ ಮುಖ್ಯ ಸಂಶೋಧನೆ ಪ್ರಕಟಿಸಿದ್ದು 2005ರಲ್ಲಿ, ನೊಬೆಲ್ ಬಂದಿದ್ದು 2023ರಲ್ಲಿ. ಹೊಸ ವೈರಸ್ಸಿನ ಜೀನ್ ವಿವರ 2020ರ ಜನವರಿಯಲ್ಲೇ ಎಲ್ಲರ ಕೈಗೆ ಸಿಕ್ಕಿತು. ಒಂದಾದ ಮೇಲೆ ಒಂದು ಮಾಡುವ ಹಂತಗಳನ್ನು ಒಟ್ಟೊಟ್ಟಿಗೆ ನಡೆಸಿದರು. ಅನುಮತಿ ಸಿಗುವ ಮೊದಲೇ, ನಷ್ಟವಾದರೆ ಆಗಲಿ ಎಂದು ತಯಾರಿಕೆ ಶುರು ಮಾಡಿದರು. ಪ್ರಯೋಗದಲ್ಲಿ ಪಾಲ್ಗೊಂಡವರ ಸಂಖ್ಯೆ ಕಡಿಮೆ ಇರಲಿಲ್ಲ, ಕೆಲವು ಲಸಿಕೆಗಳಿಗೆ 30,000 ದಾಟಿತ್ತು.

ಎರಡನೇ ಪ್ರಶ್ನೆಗೆ ಬರೋಣ. ಲಸಿಕೆ ಹಾಕಿಸಿದರೆ ಕಾಯಿಲೆ ಬರುವುದೇ ಇಲ್ಲ ಅಂತ ಎಷ್ಟೋ ಜನ ಮಾತಾಡಿದರು, ಅದು ತಪ್ಪು. ಸೋಂಕನ್ನು ತಡೆಯುವ ಶಕ್ತಿ ತಿಂಗಳು ಕಳೆದಂತೆ ಇಳಿಯುತ್ತದೆ, ಜೊತೆಗೆ ವೈರಸ್ಸೂ ಬದಲಾಯಿತು. ಒಮಿಕ್ರಾನ್‌ಗೆ ಹೆಸರಿಟ್ಟಿದ್ದು 2021ರ ನವೆಂಬರ್ 26ರಂದು, ಆಮೇಲೆ ಲಸಿಕೆ ಪಡೆದವರಲ್ಲೂ ಸೋಂಕು ಮಾಮೂಲಾಯಿತು. ಆದರೆ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರುವುದನ್ನು, ಸಾವನ್ನು ತಡೆಯುವ ಶಕ್ತಿ ಅದಕ್ಕಿಂತ ಜಾಸ್ತಿ ಕಾಲ ಉಳಿಯಿತು. ಮೂರು ದಿನ ಜ್ವರ ಬಂದು ಮನೆಯಲ್ಲೇ ವಾಸಿಯಾಯಿತು ಅಂತ ಬರೆದಿದ್ದೀರಲ್ಲ, ಲಸಿಕೆ ಹಾಕಿದ್ದೇ ಅದಕ್ಕೆ.

ಪ್ರಶ್ನೆ: ನನ್ನ ಮಗನ ಒಂದನೇ ಕ್ಲಾಸು ಪೂರ್ತಿ ಮೊಬೈಲಿನಲ್ಲೇ ಮುಗಿಯಿತು. ಈಗಲೂ ಓದುವಾಗ ತಡವರಿಸುತ್ತಾನೆ. ಶಾಲೆಯಲ್ಲಿ ನಿಮ್ಮ ಮಗ ಹಿಂದೆ ಅಂತ ಪದೇ ಪದೇ ಹೇಳುತ್ತಾರೆ. ಆಗ ನಾನೂ ಮನೆಯಿಂದ ಕೆಲಸ ಮಾಡುತ್ತಿದ್ದೆ, ಪಕ್ಕದಲ್ಲಿ ಕೂರಲು ಆಗಲಿಲ್ಲ.

ಉತ್ತರ: ನಿಮ್ಮ ಮಗ ಒಬ್ಬನೇ ಅಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದು ತೀರಾ ಹೆಚ್ಚಿದ್ದಾಗ, ಯುನೆಸ್ಕೋ ಲೆಕ್ಕದ ಪ್ರಕಾರ, ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಬಡ ಮತ್ತು ಮಧ್ಯಮ ಆದಾಯದ ದೇಶಗಳ 10 ವರ್ಷದ ಮಕ್ಕಳಲ್ಲಿ, ಒಂದು ಸುಲಭದ ಬರಹ ಓದಿ ಅರ್ಥ ಮಾಡಿಕೊಳ್ಳಲಾಗದವರು ಕೊರೊನಾಕ್ಕೆ ಮುಂಚೆ ಶೇ 57 ಇದ್ದರೆ, ಅದು ಶೇ 70ಕ್ಕೆ ಏರಿರಬಹುದು ಎಂದು ವಿಶ್ವಬ್ಯಾಂಕ್ ಮತ್ತು ಜೊತೆಗಾರ ಸಂಸ್ಥೆಗಳು 2022ರಲ್ಲಿ ಅಂದಾಜು ಮಾಡಿದವು. ಆರು ವರ್ಷದ ಮಗು ಅಕ್ಷರ ಕಲಿಯುವುದು ಟೀಚರ್ ತುಟಿ ನೋಡಿ, ಪಕ್ಕದ ಮಗುವಿನ ಪುಸ್ತಕ ಇಣುಕಿ. ಅಂಗೈ ಅಗಲದ ಪರದೆಯಲ್ಲಿ ಮೂವತ್ತು ಕಪ್ಪು ಚೌಕಗಳ ಮಧ್ಯೆ ಅದು ಎಲ್ಲಿಂದ ಬರಬೇಕು?

ಈಗಿನ ಕ್ಲಾಸಿನ ಪುಸ್ತಕ ಸ್ವಲ್ಪ ದಿನ ಪಕ್ಕಕ್ಕಿಡಿ. ಅವನು ಎಲ್ಲಿ ತಡವರಿಸುತ್ತಾನೋ ಅದಕ್ಕಿಂತ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ, ಒತ್ತಕ್ಷರ ಆದರೆ ಒತ್ತಕ್ಷರದಿಂದಲೇ. ದಿನಕ್ಕೆ ಹದಿನೈದು ನಿಮಿಷ, ಜೋರಾಗಿ, ನೀವೊಂದು ಸಾಲು ಅವನೊಂದು ಸಾಲು. ಶಾಲೆಯವರು ಮತ್ತೆ ಹಿಂದೆ ಅಂದರೆ, ಯಾವ ಪಾಠ, ಯಾವ ಅಕ್ಷರ, ನೀವು ಏನು ಸಹಾಯ ಮಾಡುತ್ತೀರಿ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಆರು ತಿಂಗಳ ನಂತರವೂ ಹಾಗೇ ಇದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಕಲಿಕೆಯ ತೊಂದರೆ ಇದೆಯಾ ಅಂತಲೂ ತೋರಿಸಿ. ಎಲ್ಲವನ್ನೂ ಕೊರೊನಾ ಮೇಲೆ ಹಾಕಿ ಬಿಟ್ಟುಬಿಡಬಾರದು.

ಪ್ರಶ್ನೆ: ಇದು ಪ್ರಶ್ನೆಯೋ ತಪ್ಪೊಪ್ಪಿಗೆಯೋ ಗೊತ್ತಿಲ್ಲ. 2021ರಲ್ಲಿ ಒಂದು ಅಂಗಡಿಯ ಬಾಗಿಲಲ್ಲಿ ಜ್ವರ ನೋಡುವ ಹುಡುಗ, ಮಾಸ್ಕ್ ಮೂಗಿನ ಮೇಲೆ ಎಳೆದುಕೊಳ್ಳಿ ಅಂದ. ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಎಲ್ಲರ ಎದುರು ಅವನ ಮೇಲೆ ಕೂಗಾಡಿದೆ, ಬಾಯಿಗೆ ಬಂದದ್ದು ಅಂದೆ. ಅವನು ತಲೆ ತಗ್ಗಿಸಿ ಆ ಯಂತ್ರವನ್ನು ಮುಂದಿನವರ ಹಣೆಗೆ ಹಿಡಿದ. ಈಗಲೂ ಅದೇ ಕಡೆ ಕೆಲಸ ಮಾಡುತ್ತಾನೆ. ನಾನು ಬೇರೆ ದಾರಿಯಲ್ಲಿ ಓಡಾಡುತ್ತೇನೆ.

ಉತ್ತರ: ನಿಯಮ ಮಾಡಿದವರು ಯಾರೂ ಆ ಬಾಗಿಲಲ್ಲಿ ನಿಂತಿರಲಿಲ್ಲ. ನಿಮ್ಮ ಕೆಲಸ ಕಿತ್ತುಕೊಂಡವರೂ ನಿಂತಿರಲಿಲ್ಲ. ಕೈಗೆ ಸಿಕ್ಕಿದ್ದು ಅವನೊಬ್ಬ. ಅದು ನಿಮಗೆ ಗೊತ್ತಿದೆ, ಇಲ್ಲದಿದ್ದರೆ ಇಷ್ಟು ವರ್ಷದ ಮೇಲೆ ಇದನ್ನು ಬರೆಯುತ್ತಿರಲಿಲ್ಲ.

ಹೋಗಿ. ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಕೆಲಸ ಹೋಗಿದ್ದ ಕಥೆಯನ್ನು ಮೊದಲಿಗೇ ಹೇಳಬೇಡಿ, ಕಾರಣ ಕೊಟ್ಟ ಹಾಗಾಗುತ್ತದೆ. "ಅವತ್ತು ನಿಮ್ಮ ಮೇಲೆ ಕೂಗಾಡಿದ್ದು ನಾನೇ, ತಪ್ಪಾಯಿತು" ಅನ್ನಿ, ಅಷ್ಟು ಸಾಕು. ಅವನಿಗೆ ನೆನಪೇ ಇಲ್ಲದಿರಬಹುದು, ಅಂಥ ಮಾತು ದಿನಕ್ಕೆ ಎಷ್ಟು ಕೇಳಿರುತ್ತಾನೋ. ನೆನಪಿಲ್ಲ ಅಂದರೂ ಹೇಳಿಯೇ ಬನ್ನಿ.