ಬೆಳಗ್ಗೆ ಮೊದಲ ಸ್ಟಾರ್ಟಿಗೆ ಮಾತ್ರ ಸ್ಕೂಟರ್ ಕಟಕಟ ಅನ್ನುತ್ತದೆ, ಇಂಜಿನ್ ಬಿಚ್ಚಿಸಬೇಕಾ?

ಈಗಲೇ ಬಿಚ್ಚಿಸಬೇಡಿ. ನೀವು ಬರೆದದ್ದರಲ್ಲೇ ಒಳ್ಳೆಯ ಸುಳಿವಿದೆ. 2017ರ 110 ಸಿಸಿ ಕಾರ್ಬ್ಯುರೇಟರ್ ಸ್ಕೂಟರ್, 42 ಸಾವಿರ ಕಿಲೋಮೀಟರ್ ಓಡಿದೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಗ್ಯಾರೇಜಿನವರು "ಬೋರ್ ಹೋಗಿದೆ, ಇಂಜಿನ್ ಬಿಚ್ಚೋಣ" ಅಂದಿದ್ದಾರೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆ ಅಂತ. ಇಷ್ಟೇ ಅಲ್ವಾ? ಇದರಲ್ಲಿ ನನಗೆ ಬೇಕಾದದ್ದು ಆ "ಸ್ವಲ್ಪ ಹೊತ್ತು". ಐದು ಸೆಕೆಂಡಾ, ಎರಡು ನಿಮಿಷವಾ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಗ್ಯಾರೇಜ್ ಮೆಕ್ಯಾನಿಕ್ ಅಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನಲ್ಲಿ ಹದಿನೆಂಟು ವರ್ಷದಿಂದ ಸಿಲಿಂಡರ್ ಬೋರಿಂಗ್, ಹೋನಿಂಗ್ ಮಾಡುತ್ತೇನೆ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ನಯ ಮಾಡುವ ಕೆಲಸ. ಚೆನ್ನಾಗಿಯೇ ಇರುವ ಸಿಲಿಂಡರುಗಳು ನಮ್ಮ ಟೇಬಲ್ಲಿಗೆ ಬರುವುದನ್ನು ಬಹಳ ನೋಡಿದ್ದೇನೆ. ಅಳತೆ ಮಾಡಿದರೆ ಸವೆತವೇ ಇರುವುದಿಲ್ಲ. ಆದರೆ ಅಷ್ಟರಲ್ಲಿ ಗಾಡಿಯವರ ದುಡ್ಡು ಖರ್ಚಾಗಿರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಹೆಂಡತಿಯ ಸ್ಕೂಟರಿಗೂ ಹೀಗೇ ಆಗಿತ್ತು. ಜನವರಿ ತಿಂಗಳು. ನಮ್ಮ ಊರಲ್ಲಿ ಆಗ ಬೆಳಗಿನ ಜಾವ 13-14 ಡಿಗ್ರಿಗೆ ಇಳಿಯುತ್ತದೆ. ಟಿಳಕವಾಡಿಯಲ್ಲಿ ಮನೆ. ಸ್ಟಾರ್ಟ್ ಮಾಡಿದರೆ ಚಟ್ ಚಟ್ ಚಟ್ ಅಂತ ಒಣ ಸದ್ದು. ಖಾನಾಪುರ ರಸ್ತೆ ಹಿಡಿದು ಮೂರನೇ ರೈಲ್ವೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಮಾಯ. ತೋರಿಸಿದ ಕಡೆ "ಪಿಸ್ಟನ್ ಬಡಿತಾ ಐತ್ರಿ, ಬೋರ್ ಕಿಟ್ ಹಾಕಬೇಕು" ಅಂದರು, ಅಂದರೆ ಹೊಸ ಸಿಲಿಂಡರ್, ಪಿಸ್ಟನ್ ಸೆಟ್. ನನಗೂ ಹೌದು ಅನ್ನಿಸಿತ್ತು, ಏಕೆಂದರೆ ಲೆಕ್ಕ ಕೂಡುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದು ಓಡಾಡುವ ಲೈನರ್ ಬೀಡು ಕಬ್ಬಿಣದ್ದು. ಬಿಸಿಯಾದರೆ ಅಲ್ಯೂಮಿನಿಯಂ ಕಬ್ಬಿಣದ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 50 ಮಿಲಿಮೀಟರ್ ಬೋರಿನಲ್ಲಿ ಎರಡೂ 80 ಡಿಗ್ರಿ ಬಿಸಿ ಏರಿದರೆ ಪಿಸ್ಟನ್ ಸುಮಾರು 80 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಹಿಗ್ಗುತ್ತದೆ, ಲೈನರ್ ಸುಮಾರು 45. ಅಂದರೆ ತಣ್ಣಗಿದ್ದಾಗ ಸಂದು ಜಾಸ್ತಿ, ಪಿಸ್ಟನ್ ಅತ್ತಿತ್ತ ವಾಲಿ ಗೋಡೆಗೆ ಬಡಿಯುತ್ತದೆ. ಬಿಸಿಯಾದರೆ ಸಂದು ತುಂಬಿ ಸದ್ದು ನಿಲ್ಲುತ್ತದೆ. ಹಾಗಾಗಿ ಗ್ಯಾರೇಜಿನವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಇದೇ ರೀತಿ ಬಂದು ಇದೇ ರೀತಿ ಹೋಗುವ ಇನ್ನೊಂದು ಸದ್ದಿದೆ.

ಅದು ಸೈಲೆನ್ಸರ್ ಪ್ಯಾಕಿಂಗ್. ಸೈಲೆನ್ಸರ್ ಪೈಪ್ ಇಂಜಿನ್ ಹೆಡ್ಡಿಗೆ (ಸಿಲಿಂಡರ್ ತುದಿಯ ಮುಚ್ಚಳಕ್ಕೆ) ಸೇರುವ ಜಾಗದಲ್ಲಿ ಒಂದು ಸಣ್ಣ ಬಳೆಯಂಥ ಪ್ಯಾಕಿಂಗ್ ಇರುತ್ತದೆ. ಅದು ಕೂತು ಚಪ್ಪಟೆಯಾಗಿದ್ದರೆ, ಇಲ್ಲವೇ ಅಲ್ಲಿನ ನಟ್ ಸಡಿಲವಾಗಿದ್ದರೆ, ಪ್ರತಿ ಸಲ ಹೊಗೆ ಹೊರಬೀಳುವಾಗ ಸಂದಿನಿಂದ ಚಟ್ ಅನ್ನುತ್ತದೆ. ದೂರದಿಂದ ಕೇಳಿದರೆ ಥೇಟ್ ಟ್ಯಾಪೆಟ್ (ಹೆಡ್ಡಿನೊಳಗೆ ವಾಲ್ವ್ ಒತ್ತುವ ಭಾಗ) ಸದ್ದು, ಕೆಲವೊಮ್ಮೆ ಪಿಸ್ಟನ್ ಸದ್ದು. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ, ಸದ್ದೂ ನಿಲ್ಲುತ್ತದೆ. ನಮ್ಮ ಗಾಡಿಯಲ್ಲಿ ಆಗಿದ್ದು ಇದೇ. ಹಿಂದಿನ ತಿಂಗಳು ಹಿಂದಿನ ಟಯರ್ ಬದಲಿಸಿದ್ದೆವು. ಈ ಸ್ಕೂಟರುಗಳಲ್ಲಿ ಹಿಂದಿನ ಚಕ್ರ ಬಿಚ್ಚಬೇಕೆಂದರೆ ಮೊದಲು ಸೈಲೆನ್ಸರ್ ಬಿಚ್ಚಬೇಕು. ಟಯರ್ ಹಾಕಿದವರು ಹಳೆಯ ಪ್ಯಾಕಿಂಗನ್ನೇ ಮತ್ತೆ ಕೂರಿಸಿದ್ದರು. ಬಗ್ಗಿ ಟಾರ್ಚ್ ಹಾಕಿ ನೋಡಿದಾಗ ಜಾಯಿಂಟಿನ ಸುತ್ತ ಕರ್ರಗೆ ಮಸಿ ಹಿಡಿದಿತ್ತು. ಹೊಸ ಪ್ಯಾಕಿಂಗ್ ಹಾಕಿಸಿದೆ, ಮರುದಿನ ಬೆಳಗ್ಗೆ ಸದ್ದಿಲ್ಲ. ನಾನು ಬೋರ್ ಕಿಟ್ ಹಾಕಿಸಿದ್ದರೂ ಸೈಲೆನ್ಸರ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿಯೇ ಹಾಕುತ್ತಿದ್ದರು. ಸದ್ದು ಹೋಗುತ್ತಿತ್ತು, ಬೋರ್‌ದೇ ತೊಂದರೆ ಅಂತ ನಾನೂ ನಂಬಿಕೊಂಡಿರುತ್ತಿದ್ದೆ. ನೀವು ಇತ್ತೀಚೆಗೆ ಹಿಂದಿನ ಟಯರ್ ಅಥವಾ ಪಂಕ್ಚರ್ ಕೆಲಸ ಮಾಡಿಸಿದ್ದೀರಾ? ನೆನಪು ಮಾಡಿಕೊಳ್ಳಿ.

ನಾಳೆ ಬೆಳಗ್ಗೆ ಹೀಗೆ ಮಾಡಿ. ರಾತ್ರಿಯೇ ಗಾಡಿಯನ್ನು ಸಮ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಅಂಗಳದಲ್ಲಿ ನಿಲ್ಲಿಸಿ, ಮುಚ್ಚಿದ ಜಾಗದಲ್ಲಿ ಬೇಡ, ಹೊಗೆ ಅಪಾಯ. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ನೋಡಿ. ಕಡ್ಡಿ ತೆಗೆದು, ಒರೆಸಿ, ಮತ್ತೆ ಇಳಿಸಿ ನೋಡಬೇಕು. ಬಹಳ ಸ್ಕೂಟರುಗಳಲ್ಲಿ ನೋಡುವಾಗ ಅದನ್ನು ತಿರುಗಿಸಿ ಬಿಗಿಯಬಾರದು, ಸುಮ್ನೆ ಇಳಿಸಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಗಿದೆ ಅಂತ ನೋಡಿಕೊಳ್ಳಿ. ಇಂಥ ಇಂಜಿನ್ನಿಗೆ ಹಿಡಿಯುವುದೇ ಮುಕ್ಕಾಲು ಲೀಟರಿನ ಆಸುಪಾಸು. 200 ಮಿಲಿ ಕಡಿಮೆಯಾದರೆ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಇಷ್ಟು ಕಡಿಮೆಯಾದರೆ ನಡೆಯುವುದಿಲ್ಲ.

ಯಾವ ಆಯಿಲ್ ಹಾಕಿದ್ದಾರೆ ಅಂತಲೂ ಕೇಳಿ. ಈ ಗಾಡಿಗಳಿಗೆ ಸಾಮಾನ್ಯವಾಗಿ 10ಡಬ್ಲ್ಯೂ-30 ಇರುತ್ತದೆ. ಡಬ್ಲ್ಯೂ ಮುಂಚಿನ ಅಂಕಿ ತಣ್ಣಗಿದ್ದಾಗಿನ ಗುಣ ಹೇಳುತ್ತದೆ, ಕಡಿಮೆ ಇದ್ದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ಕೆಲವು ಕಡೆ ಬೈಕಿಗೆ ಹಾಕುವ 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಅನ್ನೇ ಸ್ಕೂಟರಿಗೂ ಸುರಿಯುತ್ತಾರೆ. "ದಪ್ಪ ಆಯಿಲ್ ಹಾಕಿದರೆ ಸದ್ದು ಕಡಿಮೆ" ಎನ್ನುವುದು ಬಿಸಿ ಇಂಜಿನ್ನಿಗೆ ಒಂದಿಷ್ಟು ನಿಜ. ಬೆಳಗಿನ ಹೊತ್ತು ಮಾತ್ರ ಉಲ್ಟಾ. ರಾತ್ರಿಯೆಲ್ಲಾ ಕೆಳಗೆ ಇಳಿದಿದ್ದ ಆಯಿಲ್ ಮೇಲೆ ಹೆಡ್ಡಿನ ತನಕ ಏರುವುದು ಇನ್ನೂ ತಡವಾಗುತ್ತದೆ.

ಈಗ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸ್ಟಾರ್ಟ್ ಮಾಡಿ. ಸೆಲ್ಫ್ ಬೇಡ, ಕಿಕ್ ಹೊಡೆಯಿರಿ. ಕಿಕ್ ಹೊಡೆದಾಗ ಸದ್ದೇ ಬರದಿದ್ದರೆ ಅದು ಸೆಲ್ಫ್ ಕಡೆಯ ಸದ್ದು, ಇಂಜಿನ್ನಿನದಲ್ಲ. ಎಕ್ಸಿಲೇಟರ್ ಮುಟ್ಟಬೇಡಿ. ಮೂರರಿಂದ ಐದು ಸೆಕೆಂಡ್ ಖರ್ರ್ ಅಂದು ನಿಂತರೆ ವಾಲ್ವ್ ಓಡಿಸುವ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕಡೆ ನೋಡಬೇಕು. ಆಯಿಲ್ ಸರಿಯಿದ್ದೂ ಹೀಗಾದರೆ ಮೊದಲು ಟೆನ್ಷನರ್ ನೋಡಿಸಿ, ಅದಕ್ಕೆ ಇಂಜಿನ್ ಪೂರ್ತಿ ಬಿಚ್ಚಬೇಕಿಲ್ಲ. ಒಂದೆರಡು ನಿಮಿಷ ಬಂದರೆ ನಾನು ಮೇಲೆ ಹೇಳಿದ ಎರಡರಲ್ಲಿ ಒಂದು, ಪಿಸ್ಟನ್ ಇಲ್ಲವೇ ಸೈಲೆನ್ಸರ್ ಪ್ಯಾಕಿಂಗ್. ಟಿಕ್ ಟಿಕ್ ಅಂತ ಸಣ್ಣಗೆ, ಬಿಸಿಯಾದ ಮೇಲೂ ಇದ್ದರೆ ಟ್ಯಾಪೆಟ್. ಅದನ್ನು ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಗೇಜ್ ಹಾಕಿ ಸೆಟ್ ಮಾಡಬೇಕು. ಓಡಿಸಿಕೊಂಡು ಹೋದ ಹತ್ತು ನಿಮಿಷಕ್ಕೆ "ಟ್ಯಾಪೆಟ್ ಮಾಡಿಕೊಟ್ಟೆ" ಅಂದರೆ ಒಪ್ಪಬೇಡಿ.

ಒಂದು ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ನಿಮ್ಮ ಗಾಡಿಯಲ್ಲಿ ಆಟೋ ಚೋಕ್ ಇದ್ದರೆ ತಣ್ಣಗಿದ್ದಾಗ ಇಂಜಿನ್ ಜೋರಾಗಿ ತಿರುಗುತ್ತದೆ, ಕೆಲವು ನಿಮಿಷದ ಮೇಲೆ ತಾನೇ ಇಳಿಯುತ್ತದೆ. ಆಗ ಸದ್ದು ನಿಂತಿತು ಅನ್ನಿಸುತ್ತದೆ. ನಿಜಕ್ಕೂ ಕಡಿಮೆಯಾಗಿದ್ದು ವೇಗ ಮಾತ್ರ. ಅದಕ್ಕೇ ಬಿಸಿಯಾದ ಮೇಲೆ, ಡಬಲ್ ಸ್ಟ್ಯಾಂಡಿನಲ್ಲೇ ಇಟ್ಟು, ಎಕ್ಸಿಲೇಟರ್ ಸ್ವಲ್ಪವೇ ತಿರುಗಿಸಿ ಬೆಳಗಿನಷ್ಟೇ ವೇಗಕ್ಕೆ ತಂದು ಮತ್ತೆ ಕೇಳಿ. ಹಿಂದಿನ ಚಕ್ರ ತಿರುಗಬಹುದು, ಮಕ್ಕಳನ್ನು ದೂರ ಇಡಿ. ಆಗಲೂ ಕಟಕಟ ಬಂದರೆ ಅದು ಚಳಿಯ ಸದ್ದಲ್ಲವೇ ಅಲ್ಲ, ಇಡೀ ದಿನ ಇರುವ ಸದ್ದು.

ಬಲಗಡೆಯಿಂದಲೋ ಎಡಗಡೆಯಿಂದಲೋ ಅದನ್ನೂ ಗಮನಿಸಿ. ಎಡಗಡೆ ಉದ್ದದ ಡಬ್ಬಿಯಲ್ಲಿ ಹಿಂದಿನ ಚಕ್ರ ತಿರುಗಿಸುವ ಬೆಲ್ಟ್ ಮತ್ತು ರೋಲರ್ ಇರುತ್ತವೆ. ರೋಲರ್ ಸವೆದರೆ ನಿಂತಲ್ಲೇ ಗಡಗಡ ಅನ್ನುತ್ತದೆ, ಎಕ್ಸಿಲೇಟರ್ ತುಸು ಕೊಟ್ಟರೆ ನಿಲ್ಲುತ್ತದೆ. ಮಳೆಗಾಲದಲ್ಲಿ ಬೆಲ್ಟ್ ಕೀಚ್ ಅನ್ನುವುದೂ ಇಲ್ಲಿಂದಲೇ. ಇದಕ್ಕೂ ಬೋರಿಗೂ ಸಂಬಂಧವಿಲ್ಲ.

ಬಿಸಿಯಾದಂತೆ ಸದ್ದು ಹೆಚ್ಚುತ್ತಾ ಹೋದರೆ, ಡಗ್ ಡಗ್ ಅಂತ ಭಾರವಾಗಿ, ಏರು ಹತ್ತುವಾಗ ಇನ್ನೂ ಜೋರಾದರೆ, ಗಾಡಿ ನಿಲ್ಲಿಸಿಬಿಡಿ. ಅದು ಕನೆಕ್ಟಿಂಗ್ ರಾಡ್ ಅಥವಾ ಬೇರಿಂಗ್ ಇರಬಹುದು. ಆಗ ಬಿಚ್ಚಿಸುವುದೇ ಸರಿ, ತಳ್ಳಿಕೊಂಡಾದರೂ ಹೋಗಿ.

ಮಸಿ ಇಲ್ಲ, ಆಯಿಲ್ ಸರಿಯಿದೆ, ಆದರೂ ಎರಡು ನಿಮಿಷ ಬಡಿತ ಬರುತ್ತದೆ ಅಂತಾದರೆ ಪಿಸ್ಟನ್ನೇ ಇರಬಹುದು. ಆಗಲೂ ಗಾಬರಿ ಬೇಡ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆಯಾ? ಸಾವಿರ ಕಿಲೋಮೀಟರಿಗೆ ಆಯಿಲ್ ಎದ್ದು ಕಾಣುವಷ್ಟು ಇಳಿಯುತ್ತಿದೆಯಾ? ಎಳೆತ ಕಡಿಮೆಯಾಗಿದೆಯಾ? ಮೂರಕ್ಕೂ ಇಲ್ಲ ಅಂದರೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಚಳಿಯಲ್ಲಿ ನಿಂತಲ್ಲೇ ರೇಸ್ ಮಾಡಿ ಬಿಸಿ ಮಾಡಬೇಡಿ, ಆಯಿಲ್ ಮೇಲೇರುವ ಮೊದಲೇ ಹೆಡ್ ಸವೆಯುತ್ತದೆ. ಹೀಗೆ ಎಷ್ಟೋ ಗಾಡಿಗಳು ವರ್ಷಗಟ್ಟಲೆ ಓಡುತ್ತವೆ.

ಕೊನೆಗೂ ಬಿಚ್ಚಿಸಲೇಬೇಕಾದರೆ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿ. ಬಿಚ್ಚಿದ ಮೇಲೆ ಬೋರನ್ನು ಡಯಲ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಅಂಕಿ ಬರೆದು ತೋರಿಸಲು ಹೇಳಿ. ಬೆರಳಾಡಿಸಿ "ಹೋಗಿದೆ" ಅಂದರೆ ಆಗದು, ಬೆರಳಿಗೆ 30 ಮೈಕ್ರಾನ್ ತಿಳಿಯುವುದಿಲ್ಲ. ಅಲ್ಲಿ ಗೇಜ್ ಇಲ್ಲದಿದ್ದರೆ ಸಿಲಿಂಡರನ್ನು ಯಾವುದಾದರೂ ಬೋರಿಂಗ್ ಶಾಪಿಗೆ ಒಯ್ಯಿರಿ, ಅಳತೆ ಹತ್ತು ನಿಮಿಷದ ಕೆಲಸ.

ನಾಳೆ ನೋಡಿದ ಮೇಲೆ ಎಷ್ಟು ಸೆಕೆಂಡ್ ಬಂತು, ಜಾಯಿಂಟಿನ ಹತ್ತಿರ ಮಸಿ ಇದೆಯಾ, ಇವೆರಡನ್ನು ಇಲ್ಲೇ ಬರೆಯಿರಿ. ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.