ಡೈವೋರ್ಸ್ ಆದ ಮೇಲೆ ಸಂಬಳ ಇದ್ದರೂ ಅಮೆರಿಕದಲ್ಲಿ ಬಾಡಿಗೆ ಮನೆ ಕೊಡ್ತಿಲ್ಲ ಯಾಕೆ?

ಡೈವೋರ್ಸ್ ಆಗಿದೆ, ಮಗು ಇದೆ, ಸಂಬಳ ಇದ್ದರೂ ಬಾಡಿಗೆ ಮನೆ ಸಿಗ್ತಿಲ್ಲ, ಹತ್ತು ವರ್ಷ ಎಲ್ಲಾ ಕ್ರೆಡಿಟ್ ಕಾರ್ಡೂ ಗಂಡನ ಹೆಸರಲ್ಲೇ ಇತ್ತು ಅಂತ ಬರೆದಿದ್ದೀರಿ. ತೊಂದರೆ ಬಹುಶಃ ಅಲ್ಲೇ ಇದೆ. ಇಲ್ಲಿ ಮನೆ ಕೊಡುವವರು ಸಾಮಾನ್ಯವಾಗಿ ಕ್ರೆಡಿಟ್ ರಿಪೋರ್ಟ್, ಅಂದರೆ ನೀವು ಸಾಲ, ಕಾರ್ಡಿನ ಬಾಕಿ ಹೇಗೆ ಕಟ್ಟಿದ್ದೀರಿ ಅನ್ನೋ ದಾಖಲೆ, ನೋಡ್ತಾರೆ. ನಿಮ್ಮದು ಅವರ ಖಾತೆಯ ಅಡಿಷನಲ್ ಕಾರ್ಡ್ ಆಗಿದ್ದರೆ, ಅದನ್ನು ತೆಗೆಸಿದ ಮೇಲೆ ನಿಮ್ಮ ಹೆಸರಲ್ಲಿ ಹೆಚ್ಚೇನೂ ಉಳಿದಿರಲಿಕ್ಕಿಲ್ಲ. ನನಗೂ ಹಾಗೇ ಆಗಿತ್ತು. ರಿಪೋರ್ಟ್ ತೆಗೆದರೆ ಪುಟ ಖಾಲಿ!

ಮೊದಲು ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ಬ್ಯೂರೋಗಳ (ಈ ದಾಖಲೆ ಇಡುವ ಕಂಪನಿಗಳು) ರಿಪೋರ್ಟ್ ತೆಗೆಯಿರಿ. ಉಚಿತ. ಜಂಟಿ ಖಾತೆ ಏನಾದರೂ ಕಂಡರೆ ತಕ್ಷಣ ಮುಚ್ಚಿಸೋಕೆ ನೋಡಿ. ಮಾಜಿ ಗಂಡ ಕಂತು ತಪ್ಪಿಸಿದರೂ ಪೆಟ್ಟು ನಿಮಗೂ ಬೀಳುತ್ತೆ.

ಆಮೇಲೆ ನಿಮ್ಮ ಹೆಸರಲ್ಲೇ ದಾಖಲೆ ಬೆಳೆಸೋಕೆ ಲೆಂಡಿಂಗ್ ಸರ್ಕಲ್. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ಅನ್ನೋ ಲಾಭರಹಿತ ಸಂಸ್ಥೆ ಇದನ್ನು ನಡೆಸುತ್ತದೆ. ಸುಮ್ನೆ ನಮ್ಮ ಚೀಟಿ ಅಂದ್ಕೊಳ್ಳಿ. ಹತ್ತು ಜನ ತಿಂಗಳಿಗೆ ನೂರು ಡಾಲರ್ ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ ಸಾವಿರ. ಆದರೆ ಹರಾಜು ಇಲ್ಲ, ಬಡ್ಡಿಯೂ ಇಲ್ಲ. ಸ್ನೇಹಿತೆಯರ ಚೀಟಿಗೆ ಲೆಕ್ಕ ನೋಟ್‌ಬುಕ್ಕಲ್ಲಿ ಮಾತ್ರ. ಇಲ್ಲಿ ನೀವು ಕಟ್ಟಿದ ಪ್ರತಿ ಕಂತೂ ಬ್ಯೂರೋಗೆ ಹೋಗುತ್ತದೆ, ಅದೇ ಮುಖ್ಯ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಐಟಿಐಎನ್ (ಆ ನಂಬರ್ ಸಿಗದವರಿಗೆ ತೆರಿಗೆ ಇಲಾಖೆ ಕೊಡುವ ನಂಬರ್) ಸಾಕು. ನಿಮ್ಮ ಊರಲ್ಲಿ ಸದ್ಯ ಗುಂಪು ಶುರುವಾಗ್ತಿದೆಯಾ ಅಂತ ಅವರನ್ನೇ ಕೇಳಿ.

ಈ ದಾಖಲೆಯಿಂದ ಲೆಕ್ಕ ಹಾಕುವ ಫೈಕೋ ಕ್ರೆಡಿಟ್ ಸ್ಕೋರ್ ಮೂಡೋಕೆ ಕನಿಷ್ಠ 6 ತಿಂಗಳು ಹಳೆಯ ಖಾತೆ ಬೇಕು. ಅಲ್ಲಿವರೆಗೆ ದೊಡ್ಡ ಕಂಪನಿಗಳ ಅಪಾರ್ಟ್‌ಮೆಂಟ್ ಬಿಟ್ಟು, ಸ್ವಂತ ಮನೆಯನ್ನು ತಾವೇ ಬಾಡಿಗೆಗೆ ಕೊಡುವವರನ್ನು ಹುಡುಕಿ, ಸಂಬಳದ ಸ್ಲಿಪ್ ತೋರಿಸಿ. ಈ ತಿಂಗಳ ಬಾಡಿಗೆಗೇ ಕಷ್ಟ ಇದ್ದರೆ ಇವತ್ತೇ 211ಕ್ಕೆ (ಸ್ಥಳೀಯ ನೆರವು ಎಲ್ಲಿ ಸಿಗುತ್ತೆ ಅಂತ ಹೇಳುವ ಸಹಾಯವಾಣಿ) ಫೋನ್ ಮಾಡಿ, ಮಗು ಇದೆ ಅಂತ ಮೊದಲೇ ಹೇಳಿ.