ಅಮೆರಿಕದ ಹಳೆಯ ಇತಿಹಾಸವನ್ನು ವಸ್ತುಗಳಿಂದ ಓದಬಹುದಾ?

ನೀವು ಕೇಳಿದ್ದು ಇದು: "ನಾನು ಶಿವಮೊಗ್ಗದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ಆರಂಭದ ಕಾಲವನ್ನು ಕಟ್ಟಡ, ವಸ್ತು, ಮ್ಯೂಸಿಯಂ ಸಂಗ್ರಹಗಳ ಮೂಲಕ ಓದುವುದು ನಿಜವಾದ ಇತಿಹಾಸವೇ? ಇಲ್ಲೇ ಕೂತು ಅದನ್ನು ಮಾಡಬಹುದಾ?"

ಎರಡಕ್ಕೂ ನನ್ನ ಉತ್ತರ ಹೌದು. ನಾನು ಓದಿದ್ದು ಇದೇ ವಿಷಯ. ಈಗ ವರ್ಜೀನಿಯಾದ ಒಂದು ಚಿಕ್ಕ ಮ್ಯೂಸಿಯಂನಲ್ಲಿ ವಸ್ತುಗಳ ದಾಖಲೆ ನೋಡಿಕೊಳ್ಳುತ್ತೇನೆ.

18ನೇ ಶತಮಾನದ ವರ್ಜೀನಿಯಾದಲ್ಲಿ ಕಾಗದ ಬರೆದಿಟ್ಟವರು ಯಾರು ಹೇಳಿ? ತೋಟದ ಮಾಲೀಕರು, ವಕೀಲರು, ಪಾದ್ರಿಗಳು, ವ್ಯಾಪಾರಿಗಳು. ಅವರ ತೋಟದಲ್ಲಿ ಗುಲಾಮರಾಗಿ ದುಡಿದವರು ಆ ಕಾಗದಗಳಲ್ಲಿ ಬಂದರೂ ಬರೀ ಒಂದು ಹೆಸರು, ಅದರ ಮುಂದೆ ಒಂದು ಬೆಲೆ. ಅಷ್ಟೇ. ಅವರ ಬದುಕಿನ ಬಗ್ಗೆ ಜಾಸ್ತಿ ತಿಳಿಯಬೇಕಾದರೆ ಅವರು ಮುಟ್ಟಿದ, ಕಟ್ಟಿದ, ಬಿಸಾಡಿದ ವಸ್ತುಗಳ ಕಡೆಗೇ ಹೋಗಬೇಕು. ಆದರೆ ವಸ್ತು ಒಂದೇ ಸಾಲದು. ಅದನ್ನು ಕಾಗದದ ಪಕ್ಕದಲ್ಲಿಟ್ಟು ನೋಡಿದಾಗಲೇ ಎರಡೂ ಬಾಯಿ ಬಿಡುತ್ತವೆ.

ನನಗೆ ಬಹಳ ಇಷ್ಟವಾದ ಉದಾಹರಣೆ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಊರಿನ ಬ್ರೇ ಶಾಲೆ. 1760ರಲ್ಲಿ ಲಂಡನ್ನಿನ ಒಂದು ಧರ್ಮಸಂಸ್ಥೆ ಕಪ್ಪು ಮಕ್ಕಳಿಗಾಗಿ ಈ ಶಾಲೆ ತೆರೆಯಿತು. ಈ ಊರನ್ನು ಸೂಚಿಸಿದವರು ಬೆಂಜಮಿನ್ ಫ್ರಾಂಕ್ಲಿನ್. ಬಂದವರಲ್ಲಿ ಹೆಚ್ಚಿನವರು ಗುಲಾಮ ಮಕ್ಕಳು, ಕೆಲವರು ಸ್ವತಂತ್ರರು. ಆನ್ ವೇಜರ್ ಎಂಬ ಶಿಕ್ಷಕಿ 1774ರಲ್ಲಿ ತೀರಿಕೊಳ್ಳುವ ತನಕ ಪಾಠ ಹೇಳಿದರು. ಓದು, ಪ್ರಾರ್ಥನೆ, ಹುಡುಗಿಯರಿಗೆ ಹೊಲಿಗೆ. ಜೊತೆಗೆ ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಪಾಠ ಕೂಡ. ಇದನ್ನು ಮರೆಯಬಾರದು, ಆ ಶಾಲೆ ಗುಲಾಮಗಿರಿಯನ್ನು ವಿರೋಧಿಸಲು ಹುಟ್ಟಿದ್ದಲ್ಲ.

ಇಷ್ಟೂ ಪತ್ರಗಳಿಂದ ಗೊತ್ತಿತ್ತು. ಕೆಲವು ಮಕ್ಕಳ ಹೆಸರಿನ ಪಟ್ಟಿಗಳೂ ಉಳಿದಿವೆ. ಕಟ್ಟಡ ಎಲ್ಲಿ ಹೋಯಿತು ಎಂಬುದು ಮಾತ್ರ ಖಚಿತವಿರಲಿಲ್ಲ. ಅದೇ ಊರಿನ ವಿಲಿಯಂ ಅಂಡ್ ಮೇರಿ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಟೆರಿ ಮೇಯರ್ಸ್ ಅವರಿಗೆ ಒಂದು ಅನುಮಾನ ಬಂತು. 1930ರಲ್ಲಿ ಹಾಸ್ಟೆಲ್ ಕಟ್ಟಲು ಜಾಗ ಬೇಕಾಗಿ ಪಕ್ಕಕ್ಕೆ ಸಾಗಿಸಿದ ಒಂದು ಮನೆ ಇತ್ತು. ಅದಕ್ಕೆ ಹೊಸ ಕೋಣೆಗಳು ಸೇರಿ, ಅದು ಕಾಲೇಜಿನ ಮಾಮೂಲಿ ಕಟ್ಟಡದಂತೆ ಕಾಣುತ್ತಿತ್ತು. ಆ ಶಾಲೆ ಇದೇ ಇರಬಹುದಾ?

ತೀರ್ಮಾನ ಕೊಟ್ಟಿದ್ದು ಮರ. ಮಳೆ ಚೆನ್ನಾಗಿ ಆದ ವರ್ಷ ಮರದ ಉಂಗುರ ಅಗಲವಾಗಿ, ಬರದ ವರ್ಷ ಸಣ್ಣದಾಗಿ ಬೆಳೆಯುತ್ತದೆ. ಒಂದು ಪ್ರದೇಶದ ಮರಗಳಲ್ಲಿ ಈ ಸಾಲು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಹಾಗಾಗಿ ತೊಲೆಯಿಂದ ತೆಗೆದ ಸಣ್ಣ ಮಾದರಿಯನ್ನು ಕಾಲ ಗೊತ್ತಿರುವ ಮರಗಳ ಜೊತೆ ಹೋಲಿಸಬಹುದು. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ಋತು ಸಹ ಸಿಗುತ್ತದೆ. 2020ರಲ್ಲಿ ಆ ಮನೆಯ ಮರವನ್ನು ಪರೀಕ್ಷಿಸಿದಾಗ ಅದನ್ನು ಕಡಿದದ್ದು 1759ರ ಚಳಿಗಾಲದಿಂದ 1760ರ ವಸಂತದೊಳಗೆ ಎಂದು ಗೊತ್ತಾಯಿತು. ಶಾಲೆ ಶುರುವಾದ ವರ್ಷಕ್ಕೆ ಸರಿಯಾಗಿ ಕೂಡಿತು! 2023ರಲ್ಲಿ ಇಡೀ ಕಟ್ಟಡವನ್ನು ಲಾರಿಯ ಮೇಲಿಟ್ಟು ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಮ್ಯೂಸಿಯಂ ಆವರಣಕ್ಕೆ ತಂದರು.

ಮನೆ ಮೊದಲಿದ್ದ ಜಾಗವನ್ನು ಅಗೆದಾಗ ಸ್ಲೇಟಿನ ಬಳಪದ ತುಂಡುಗಳು ಸಿಕ್ಕಿದ್ದವು. ಸಂಸ್ಥೆಯ ಪತ್ರಗಳಲ್ಲಿ ಒತ್ತು ಇರುವುದು ಓದಿಗೆ. ಹಾಗಾದರೆ ಮಕ್ಕಳು ಬರೆಯುವುದನ್ನೂ ಕಲಿತರಾ? ಆ ಜಾಗದಲ್ಲಿ ಆಮೇಲೆಯೂ ಬೇರೆಯವರು ವಾಸವಿದ್ದರು, ಆದ್ದರಿಂದ ಬಳಪ ಒಂದರಿಂದಲೇ ಹೌದು ಎನ್ನಲಾಗದು. ಆದರೆ ಬರೀ ಪತ್ರ ಓದಿದವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ವಸ್ತುಗಳಿಂದ ಕಾಲ ಹೇಳುವ ಇನ್ನೂ ದಾರಿಗಳಿವೆ. ಕಮ್ಮಾರ ಬಡಿದ ಮೊಳೆ ಬೇರೆ, 1790ರ ಸುಮಾರಿಗೆ ಶುರುವಾದ ಯಂತ್ರದಲ್ಲಿ ಕತ್ತರಿಸಿದ ಮೊಳೆ ಬೇರೆ. ತಂಬಾಕು ಸೇದುವ ಮಣ್ಣಿನ ಪೈಪುಗಳ ಒಳರಂಧ್ರ 17ನೇ ಶತಮಾನದಿಂದ 18ನೇ ಶತಮಾನಕ್ಕೆ ಸಣ್ಣದಾಗುತ್ತಾ ಹೋಯಿತು. ಅದನ್ನು ಅಳೆದು ಕಾಲ ಅಂದಾಜು ಮಾಡುವ ಪದ್ಧತಿಯನ್ನು 1954ರಲ್ಲಿ ಜೆ. ಸಿ. ಹ್ಯಾರಿಂಗ್ಟನ್ ಪ್ರಕಟಿಸಿದರು.

ಒಂದು ಎಚ್ಚರಿಕೆ. ಕಣ್ಣಿಗೆ ಕಂಡದ್ದೆಲ್ಲ ಹಳೆಯದು ಎಂದು ನಂಬಬೇಡಿ. ವಿಲಿಯಮ್ಸ್‌ಬರ್ಗ್‌ನ ಗವರ್ನರ್ ಅರಮನೆ 1781ರಲ್ಲಿ ಸುಟ್ಟುಹೋಯಿತು. ಈಗ ನಿಂತಿರುವುದು 1930ರ ದಶಕದಲ್ಲಿ ಹಳೆಯ ಚಿತ್ರ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಬರೆದ ನಕ್ಷೆ, ಅಗೆತದಲ್ಲಿ ಸಿಕ್ಕ ಅಡಿಪಾಯ ನೋಡಿ ಮತ್ತೆ ಕಟ್ಟಿದ್ದು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಅದು 20ನೇ ಶತಮಾನದವರ ಓದು. ಸಂಗ್ರಹಗಳೂ ಹಾಗೆಯೇ. ಡೆಲವೇರ್‌ನ ವಿಂಟರ್‌ಥರ್ ಮ್ಯೂಸಿಯಂ ಹೆನ್ರಿ ಫ್ರಾನ್ಸಿಸ್ ಡು ಪಾಂಟ್ ಎಂಬ ಶ್ರೀಮಂತರ ಸಂಗ್ರಹದಿಂದ ಬೆಳೆದದ್ದು, 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈ ವಿಷಯ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೂ ಅಲ್ಲಿ ಚಂದದ ಬೀರು, ಬೆಳ್ಳಿ, ಪಿಂಗಾಣಿ ಜಾಸ್ತಿ. ಒಡೆದ ಮಡಕೆ, ತೇಪೆ ಹಾಕಿದ ಅಂಗಿಯನ್ನು ಅಂಥ ಸಂಗ್ರಹಕಾರರು ಸಾಮಾನ್ಯವಾಗಿ ಕೊಳ್ಳುತ್ತಿರಲಿಲ್ಲ.

ಇನ್ನು ಶಿವಮೊಗ್ಗದಲ್ಲಿ ಕೂತು ಮಾಡುವ ಮಾತು. ನಿಮ್ಮ ಜಿಲ್ಲೆಯಲ್ಲೇ ಒಂದು ಎಳೆ ಇದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಹಾಳು ಬಾವಿಯಲ್ಲಿ ಮೈಸೂರು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಮೈಸೂರಿನವರ ಇಂಥ ರಾಕೆಟ್ ನೋಡಿಯೇ ಬ್ರಿಟನ್ನಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. 1814ರಲ್ಲಿ ಬಾಲ್ಟಿಮೋರ್‌ನ ಮೆಕ್‌ಹೆನ್ರಿ ಕೋಟೆಯ ಮೇಲೆ, ಅಮೆರಿಕದ ಜೊತೆಗಿನ ಯುದ್ಧದಲ್ಲಿ, ಬ್ರಿಟಿಷರು ಹಾರಿಸಿದ್ದು ಅವೇ. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್‌ಗಳೂ ಅವೇ. ಆ ಕೋಟೆಯ ದೊಡ್ಡ ಬಾವುಟ ಇಂದು ವಾಷಿಂಗ್ಟನ್ನಿನ ಮ್ಯೂಸಿಯಂ ಸಂಸ್ಥೆ ಸ್ಮಿತ್ಸೋನಿಯನ್‌ನಲ್ಲಿದೆ. ಹೊಲಿಸಿದವರು ಮೇರಿ ಪಿಕರ್ಸ್‌ಗಿಲ್. ಅವರ ಮನೆಯಲ್ಲಿ ಕರಾರಿನ ಮೇಲೆ ಕೆಲಸ ಕಲಿಯುತ್ತಿದ್ದ ಗ್ರೇಸ್ ವಿಶರ್ ಎಂಬ ಕಪ್ಪು ಹುಡುಗಿಯೂ ಆ ಹೊಲಿಗೆಗೆ ಕೈ ಹಾಕಿರಬೇಕು ಎನ್ನುತ್ತಾರೆ. ಬಿದನೂರಿನ ಕಬ್ಬಿಣದ ಕೊಳವೆ, ಬಾಲ್ಟಿಮೋರಿನ ಬಟ್ಟೆ: ಎರಡನ್ನೂ ಸೇರಿಸಿ ನೀವು ಒಳ್ಳೆಯ ಪ್ರಬಂಧ ಬರೆಯಬಹುದು.

ಉಚಿತವಾಗಿ ಸಿಗುವ ಸಾಮಗ್ರಿ ಬೇಕಾದಷ್ಟಿದೆ. 1933ರಲ್ಲಿ ಶುರುವಾದ ಐತಿಹಾಸಿಕ ಅಮೆರಿಕನ್ ಕಟ್ಟಡಗಳ ಸಮೀಕ್ಷೆಯ ನಕ್ಷೆಗಳು, ಫೋಟೋಗಳು ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿವೆ. ಗುಲಾಮರ ವಾಸದ ಜಾಗಗಳಲ್ಲಿ ಸಿಕ್ಕ ವಸ್ತುಗಳ ದೊಡ್ಡ ಡಿಜಿಟಲ್ ಸಂಗ್ರಹವನ್ನು ಜೆಫರ್ಸನ್‌ರ ಮನೆ ಮಾಂಟಿಸೆಲೊವನ್ನು ಈಗ ಮ್ಯೂಸಿಯಂ ಆಗಿ ನೋಡಿಕೊಳ್ಳುವವರು ನಡೆಸುತ್ತಾರೆ, ಡಾಕ್ಸ್ (DAACS) ಎಂದು ಹುಡುಕಿ. ಯಾರಾದರೂ ಸತ್ತ ಮೇಲೆ ಮನೆಯಲ್ಲಿದ್ದ ಸಾಮಾನನ್ನು ಬೆಲೆ ಸಮೇತ ಬರೆದ ಪಟ್ಟಿಗಳನ್ನು ವರ್ಜೀನಿಯಾದ ಹಳೆಯ ತೋಟದ ಮನೆಯಾದ ಗನ್‌ಸ್ಟನ್ ಹಾಲ್‌ನವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಮೊದಲು ಈ ಪಟ್ಟಿಗಳನ್ನೇ ಓದಿ ಎಂದು ನಾನು ಒತ್ತಾಯ ಮಾಡುತ್ತೇನೆ. ಮಂಚ, ಬಾಣಲೆ, ಹಸು ಇದ್ದ ಅದೇ ಸಾಲಿನಲ್ಲಿ ಮನುಷ್ಯರ ಹೆಸರೂ ಬರುತ್ತದೆ. ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ಮಾಡಲು ಮನಸ್ಸಾಗುವುದಿಲ್ಲ.

ಆಮೇಲೆ ಒಂದು ಮನೆಯ ನಕ್ಷೆ ಆರಿಸಿಕೊಳ್ಳಿ. ಅಡುಗೆಮನೆ ಎಲ್ಲಿದೆ, ನೀರು ಎಲ್ಲಿಂದ ಬರಬೇಕು, ಊಟ ಬಡಿಸುವವರು ಯಾವ ಬಾಗಿಲಿಂದ ಒಳಗೆ ಬರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ, ಇಷ್ಟು ಗುರುತು ಹಾಕಿ. ಯಾವ ಮನೆ ಆರಿಸಿದಿರಿ ಎಂದು ಇಲ್ಲೇ ಕೆಳಗೆ ಬರೆಯಿರಿ, ಅದರ ಕಾಗದಪತ್ರ ಎಲ್ಲಿ ಹುಡುಕಬೇಕು ಎಂದು ನಾನು ಹೇಳುತ್ತೇನೆ.